ಬೇರೆ ರಾಜ್ಯದ ಕಂಪನಿಗೆ ಸಮನ್ಸ್ ಮುಟ್ಟಿಸಿದ ಕಥೆ

'ಮನೆಗೆ ಅಮೀನ ಬಂದಿದ್ದ' ಅಂದ್ರೆ ಸಾಕು, ನಮ್ಮ ಕಡೆ ಕೇಳಿದವರ ಮುಖ ಬಾಡುತ್ತೆ. ಕೋರ್ಟಿನ ಕಾಗದ ಬಂತು ಅಂತ ಅರ್ಥ. ಕೆಲವರು ಸಹಿ ಹಾಕಿ ತಗೋತಾರೆ. ಕೆಲವರು ಹಿತ್ತಲ ಬಾಗಿಲಿಂದ ತೋಟಕ್ಕೆ ಹೋಗಿ ಕೂರ್ತಾರೆ. ಆಗ ಅಮೀನ ನಾಲ್ಕು ಜನರ ಎದುರಿಗೆ ಬಾಗಿಲಿಗೆ ಅಂಟಿಸಿ ಹೋಗ್ತಾನೆ. ಮನುಷ್ಯನ ಮಟ್ಟಿಗೆ ಸರಿ. ಆದ್ರೆ ಪ್ರತಿವಾದಿ ಮನುಷ್ಯನೇ ಅಲ್ಲ, ಒಂದು ಕಂಪನಿ ಅಂತಿಟ್ಟುಕೊಳ್ಳಿ. ಅದೂ ಬೇರೆ ರಾಜ್ಯದ್ದು. ಅದಕ್ಕೆ ಬಾಗಿಲೆಲ್ಲಿದೆ? ಸಹಿ ಹಾಕೋ ಕೈ ಎಲ್ಲಿದೆ?

ಈ ಪ್ರಶ್ನೆಯನ್ನ ಅಮೆರಿಕನ್ನರಷ್ಟು ತಲೆ ಕೆಡಿಸಿಕೊಂಡು ಜಗ್ಗಾಡಿದವರು ಬೇರೆ ಯಾರೂ ಇಲ್ಲವೇನೋ. ಕಾರಣ ಸರಳ. ಅಲ್ಲಿ ಐವತ್ತು ರಾಜ್ಯ, ಒಂದೊಂದಕ್ಕೂ ತನ್ನದೇ ಕಾನೂನು, ತನ್ನದೇ ಕೋರ್ಟು. ಒಂದು ರಾಜ್ಯದಲ್ಲಿ ತಯಾರಾದ ಯಂತ್ರ ಇನ್ನೊಂದರಲ್ಲಿ ಮಾರಾಟವಾಗಿ, ಮೂರನೆಯದರಲ್ಲಿ ಯಾರದ್ದೋ ಕೈ ಕತ್ತರಿಸುತ್ತೆ. ಗಾಯಗೊಂಡವನು ದಾವೆ ಹಾಕೋದು ಎಲ್ಲಿ? ತನ್ನೂರಲ್ಲೋ, ಅಥವಾ ಸಾವಿರ ಮೈಲಿ ಆಚೆಯ ಕಂಪನಿಯ ಊರಲ್ಲೋ? ಕೇಳಕ್ಕೆ ಇದು ಗುಮಾಸ್ತರ ತಕರಾರಿನ ಥರ ಕಾಣುತ್ತೆ. ಆದ್ರೆ ಹಾಸಿಗೆ ಹಿಡಿದಿರೋ ಮನುಷ್ಯನಿಗೆ ಎಷ್ಟೋ ಸಲ ಇಡೀ ಮೊಕದ್ದಮೆ ಇರೋದೇ ಈ ಉತ್ತರದಲ್ಲಿ. ದೂರದ ಕೋರ್ಟಿಗೆ ಹೋಗಲಾರದವನಿಗೆ ನ್ಯಾಯ ಇಲ್ಲ ಅಂದ ಹಾಗೇ.

ಮುಂದಕ್ಕೆ ಹೋಗೋ ಮುಂಚೆ ಒಂದು ಮಾತು ನೆನಪಲ್ಲಿಡಿ. ಸಮನ್ಸ್ ಎರಡು ಕೆಲಸ ಮಾಡುತ್ತೆ. ಒಂದು, 'ನಿನ್ನ ಮೇಲೆ ಕೇಸಿದೆ' ಅಂತ ತಿಳಿಸೋದು. ಎರಡು, 'ನಿನ್ನನ್ನ ಕರೆಯೋ ಅಧಿಕಾರ ನನಗಿದೆ' ಅಂತ ಕೋರ್ಟು ಹೇಳೋದು. ಈ ಎರಡನ್ನ ಬಿಡಿಸಿ ನೋಡೋಕೆ ಅಮೆರಿಕದ ಕೋರ್ಟುಗಳಿಗೆ ಸುಮಾರು ಮುಕ್ಕಾಲು ಶತಮಾನ ಬೇಕಾಯ್ತು.

*

ಕಥೆ ಶುರುವಾಗೋದು ಒಬ್ಬ ವಕೀಲನ ಫೀಸಿನಿಂದ. ಆರೆಗನ್ ರಾಜ್ಯದಲ್ಲಿ ಮಾರ್ಕಸ್ ನೆಫ್ ಅಂತ ಒಬ್ಬ ಇದ್ದ. ಸರ್ಕಾರ ವಲಸೆಗಾರರಿಗೆ ಕೊಡ್ತಿದ್ದ ಜಮೀನಿಗೆ ಅರ್ಜಿ ಹಾಕಿದ್ದ. ಅದರ ಕಾಗದಪತ್ರದ ಕೆಲಸಕ್ಕೆ ಜಾನ್ ಮಿಚೆಲ್ ಅನ್ನೋ ವಕೀಲನನ್ನ ಹಿಡಿದ. ಫೀಸು ಬಾಕಿ ಉಳೀತು ಅಂತ 1865ರಲ್ಲಿ ಮಿಚೆಲ್ ದಾವೆ ಹೂಡಿದ, ಸುಮಾರು 250 ಡಾಲರಿಗೆ. ಅಷ್ಟೊತ್ತಿಗೆ ನೆಫ್ ಆರೆಗನ್ ಬಿಟ್ಟಾಗಿತ್ತು. ಮಿಚೆಲ್ ಏನು ಮಾಡಿದ? ಒಂದು ಧಾರ್ಮಿಕ ಪತ್ರಿಕೆಯಲ್ಲಿ ನೋಟಿಸು ಅಚ್ಚು ಹಾಕಿಸಿದ. ನೆಫ್ ಅದನ್ನ ಓದೋ ಸಾಧ್ಯತೆ ತೀರಾ ಕಡಿಮೆ ಇತ್ತು. ಆತ ಬರಲಿಲ್ಲ, ಏಕಪಕ್ಷೀಯ ತೀರ್ಪಾಯ್ತು. 1866ರಲ್ಲಿ ಜಮೀನಿನ ಹಕ್ಕುಪತ್ರ ನೆಫ್ ಹೆಸರಿಗೆ ಬಂತು. ಅದೇ ವರ್ಷ ಶೆರೀಫ್ ಆ ಜಮೀನನ್ನ ಹರಾಜು ಹಾಕಿದ. ಹರಾಜಿನಲ್ಲಿ ಕೊಂಡವನು ಯಾರು ಅಂತೀರಿ? ಇದೇ ಮಿಚೆಲ್! ಕೊಂಡ ಕೆಲವೇ ದಿನದಲ್ಲಿ ಸಿಲ್ವೆಸ್ಟರ್ ಪೆನ್ನೋಯರ್ ಅನ್ನೋನಿಗೆ ದಾಟಿಸಿಬಿಟ್ಟ.

ವರ್ಷಗಳ ಮೇಲೆ ನೆಫ್ ವಾಪಸ್ ಬಂದು ನೋಡ್ತಾನೆ, ತನ್ನ ಜಮೀನಲ್ಲಿ ಬೇರೆಯವರ ಬೇಲಿ. 1874ರಲ್ಲಿ ಪೆನ್ನೋಯರ್ ಮೇಲೆ ಫೆಡರಲ್ ಕೋರ್ಟಿಗೆ ಹೋದ. ಕೇಸು ಸುಪ್ರೀಂ ಕೋರ್ಟ್ ಮುಟ್ಟಿ 1878ರಲ್ಲಿ ತೀರ್ಪಾಯ್ತು. ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಬರೆದ ತೀರ್ಪಿನ ಸಾರ ಇಷ್ಟು: ಒಂದು ರಾಜ್ಯದ ಅಧಿಕಾರ ಅದರ ಗಡಿಯೊಳಗೆ ಮಾತ್ರ. ಗಡಿಯ ಹೊರಗಿರೋ ಮನುಷ್ಯನ ಮೇಲೆ ಪೇಪರಿನಲ್ಲಿ ಜಾಹೀರಾತು ಕೊಟ್ಟು ಹಣದ ತೀರ್ಪು ತಗೊಳ್ಳೋಕಾಗಲ್ಲ. ಒಂದೋ ಆತನಿಗೆ ರಾಜ್ಯದೊಳಗೆ ಖುದ್ದಾಗಿ ಸಮನ್ಸ್ ಕೊಡಬೇಕು, ಇಲ್ಲಾ ಆತನೇ ಒಪ್ಪಿ ಬರಬೇಕು, ಇಲ್ಲಾ ದಾವೆಯ ಮೊದಲಿಗೇ ಅವನ ಆಸ್ತಿಯನ್ನ ಕೋರ್ಟು ವಶಕ್ಕೆ ತಗೊಂಡಿರಬೇಕು. ನೆಫ್‌ಗೆ ಜಮೀನು ವಾಪಸ್ ಸಿಕ್ತು.

ಅಂದ ಹಾಗೆ ಪೆನ್ನೋಯರ್ ಮುಂದೆ ಆರೆಗನ್ನಿನ ಗವರ್ನರ್ ಆದ. ಮಿಚೆಲ್ ಸೆನೆಟರ್ ಆದ, ಆಮೇಲೆ 1905ರಲ್ಲಿ ಜಮೀನು ಹಗರಣವೊಂದಕ್ಕೆ ಸಂಬಂಧಿಸಿದ ಕೇಸಿನಲ್ಲೇ ಅಪರಾಧಿ ಅಂತ ತೀರ್ಪಾಗಿ, ಮೇಲ್ಮನವಿ ಇತ್ಯರ್ಥವಾಗೋ ಮೊದಲೇ ತೀರಿಕೊಂಡ. ಹುಟ್ಟುಗುಣ ಅನ್ನೋದು ಇದಕ್ಕೇ ಇರಬೇಕು.

ನೆಫ್‌ಗೆ ಸಿಕ್ಕಿದ್ದು ನ್ಯಾಯವೇ. ಆದ್ರೆ ಅದೇ ನಿಯಮ ಬೇರೆಯವರಿಗೆ ಗೋಡೆಯಾಯ್ತು. ರಾಜ್ಯದೊಳಗೆ ಕೈಗೆ ಸಿಕ್ಕರೆ ಮಾತ್ರ ಸಮನ್ಸ್ ಅಂದಮೇಲೆ, ಕೈಗೇ ಸಿಗದ ಕಂಪನಿಯ ಗತಿ ಏನು? 1839ರಲ್ಲೇ ಮುಖ್ಯ ನ್ಯಾಯಮೂರ್ತಿ ಟೇನಿ, ಕಂಪನಿ ಅನ್ನೋದು ತಾನು ಹುಟ್ಟಿದ ರಾಜ್ಯದಲ್ಲೇ ವಾಸ ಮಾಡಬೇಕು, ಬೇರೆ ಕಡೆಗೆ ವಲಸೆ ಹೋಗಲಾರದು ಅಂತ ಹೇಳಿದ್ದರು. ವ್ಯಾಪಾರ ಊರೂರಿಗೆ ಹೋಗಬಹುದು, ಲಾಭ ಎಲ್ಲ ಕಡೆಯಿಂದ ಬರಬಹುದು, ಆದ್ರೆ ಕೋರ್ಟಿನ ಲೆಕ್ಕದಲ್ಲಿ ಕಂಪನಿ ಮನೆ ಬಿಟ್ಟು ಕದಲಿಲ್ಲ!

ರಾಜ್ಯಗಳೂ ಸುಮ್ಮನಿರಲಿಲ್ಲ. 'ನಮ್ಮಲ್ಲಿ ವ್ಯಾಪಾರ ಮಾಡಬೇಕಾ? ಹಾಗಾದ್ರೆ ನಿಮ್ಮ ಪರವಾಗಿ ಸಮನ್ಸ್ ತಗೊಳ್ಳೋಕೆ ಇಲ್ಲೊಬ್ಬ ಏಜೆಂಟನ್ನ ಇಡಿ' ಅಂತ ಷರತ್ತು ಹಾಕಿದವು. ವಿಮಾ ಕಂಪನಿಯೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟು 1850ರ ದಶಕದಲ್ಲೇ ಇದನ್ನ ಒಪ್ಪಿತ್ತು. ಷರತ್ತಿಗೆ ಸಿಕ್ಕದ ಕಂಪನಿಗಳ ವಿಷಯದಲ್ಲಿ ಮಾತ್ರ ಕಣ್ಣಾಮುಚ್ಚಾಲೆ. ಆ ಕಾಲಕ್ಕೆ ಗಾಯದ ಕೇಸುಗಳು ಅಂದ್ರೆ ಹೆಚ್ಚಾಗಿ ರೈಲ್ವೆ. ಒಂದು ಉದಾಹರಣೆ ಕೇಳಿ. ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆಯ ಮೇಲೆ ಗಾಯಾಳುವೊಬ್ಬ ನ್ಯೂಯಾರ್ಕಿನಲ್ಲಿ ದಾವೆ ಹೂಡಿದ. ಕಂಪನಿಯ ಅಧ್ಯಕ್ಷ ತನ್ನ ಸ್ವಂತ ಕೆಲಸಕ್ಕೆ ನ್ಯೂಯಾರ್ಕ್ ಮೇಲೆ ಹಾದುಹೋಗ್ತಾ ಇದ್ದಾಗ ಅವನ ಕೈಗೇ ಸಮನ್ಸ್ ಇಟ್ಟರು. 1917ರಲ್ಲಿ ಸುಪ್ರೀಂ ಕೋರ್ಟು ಅದು ನಡೆಯಲ್ಲ ಅಂತು. ಕಂಪನಿ ಆ ರಾಜ್ಯದಲ್ಲಿ ವ್ಯಾಪಾರ ಮಾಡ್ತಾ ಇಲ್ಲ, ಅಧ್ಯಕ್ಷ ಬಂದು ಹೋದ ಮಾತ್ರಕ್ಕೆ ಕಂಪನಿ ಬಂದ ಹಾಗಾಗಲ್ಲ ಅಂತ. ಸಮನ್ಸ್ ಮುಟ್ಟಿದ್ದು ನಿಜ, ಕಂಪನಿಗೆ ವಿಷಯ ಗೊತ್ತಾದದ್ದೂ ನಿಜ. ಆದರೂ ಕೇಸಿಲ್ಲ.

*

ಗೋಡೆಗೆ ಮೊದಲ ಬಿರುಕು ಬಿಟ್ಟಿದ್ದು ಮೋಟಾರು ಕಾರಿನಿಂದ. ಪಕ್ಕದ ರಾಜ್ಯದವನು ಕಾರಲ್ಲಿ ಬಂದು, ನಿಮ್ಮೂರಲ್ಲಿ ಯಾರಿಗೋ ಗುದ್ದಿ, ಸಂಜೆಯೊಳಗೆ ಗಡಿ ದಾಟಿ ಮನೆ ಸೇರಿಬಿಟ್ಟರೆ ಅವನಿಗೆ ಸಮನ್ಸ್ ಕೊಡೋದು ಹೇಗೆ? ಮ್ಯಾಸಚೂಸೆಟ್ಸ್ ರಾಜ್ಯ ಒಂದು ಜಾಣ ಕಾನೂನು ಮಾಡಿತು. ನಮ್ಮ ರಸ್ತೆಯಲ್ಲಿ ಚಕ್ರ ಉರುಳಿಸಿದ ಪರಸ್ಥಳದವನು, ನಮ್ಮ ಮೋಟಾರು ವಾಹನ ರಿಜಿಸ್ಟ್ರಾರನ್ನೇ ತನ್ನ ಸಮನ್ಸ್ ಏಜೆಂಟ್ ಅಂತ ನೇಮಿಸಿದ ಹಾಗೆ! ರಿಜಿಸ್ಟ್ರಾರ್ ಕಚೇರಿಗೆ ಒಂದು ಪ್ರತಿ ಕೊಡಿ, ಇನ್ನೊಂದನ್ನ ಚಾಲಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಮುಗೀತು. ಪೆನ್ಸಿಲ್ವೇನಿಯಾದ ಚಾಲಕನೊಬ್ಬ ಇದನ್ನ ಪ್ರಶ್ನಿಸಿದ. 1927ರ ಹೆಸ್ ಮತ್ತು ಪಾವ್ಲೋಸ್ಕಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಕಾನೂನನ್ನ ಎತ್ತಿ ಹಿಡೀತು. ಆ ಚಾಲಕ ಜನ್ಮದಲ್ಲಿ ಆ ರಿಜಿಸ್ಟ್ರಾರನ ಮುಖ ನೋಡಿರಲಿಕ್ಕಿಲ್ಲ. ಇದು ಕಟ್ಟುಕಥೆ ಅಂತ ಕೋರ್ಟಿಗೂ ಗೊತ್ತು. ಆದ್ರೆ ಗಾಯಗೊಂಡವನಿಗೆ ಬಾಗಿಲು ತೆಗೀಬೇಕು ಅಂದ್ರೆ ಕಟ್ಟುಕಥೆಯೂ ಬೇಕಾಗುತ್ತೆ.

ಮರುವರ್ಷವೇ, 1928ರಲ್ಲಿ, ನ್ಯೂಜೆರ್ಸಿಯ ಇಂಥದ್ದೇ ಕಾನೂನನ್ನ ಅದೇ ಕೋರ್ಟು ಹೊಡೆದುಹಾಕಿತು. ಯಾಕೆ? ಸರ್ಕಾರಿ ಕಚೇರಿಗೆ ಸಮನ್ಸ್ ಕೊಡಿ ಅಂತ ಅದರಲ್ಲಿತ್ತು, ಅಲ್ಲಿಂದ ಪ್ರತಿವಾದಿಗೆ ತಿಳಿಸಬೇಕು ಅಂತ ಇರಲಿಲ್ಲ. ನೆಫ್‌ನ ನೆನಪಾಯ್ತಾ? ಪೇಪರಿನ ಮೂಲೆಯಲ್ಲಿ ಅಚ್ಚಾದ ನೋಟಿಸಿಗೂ, ಕಚೇರಿಯ ಬೀರುವಿನಲ್ಲಿ ಮಲಗಿದ ನೋಟಿಸಿಗೂ ಏನು ವ್ಯತ್ಯಾಸ? 1950ರಲ್ಲಿ ಮುಲೇನ್ ಕೇಸಿನಲ್ಲಿ ಇದು ಇನ್ನೂ ಸ್ಪಷ್ಟವಾಯ್ತು. ವಿಳಾಸ ಗೊತ್ತಿದ್ದವರಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕೈ ತೊಳೆದುಕೊಳ್ಳೋದು ಸಾಲದು, ನಿಜವಾಗಿ ತಲುಪೋ ಹಾಗೆ ತಿಳಿಸಬೇಕು ಅಂತ.

*

ಈಗ ಬರೋದು ಒಂಟಿ ಚಪ್ಪಲಿ, ಅಲ್ಲಲ್ಲ, ಒಂಟಿ ಶೂ ಕಥೆ. ಇಂಟರ್‌ನ್ಯಾಷನಲ್ ಶೂ ಕಂಪನಿ ಡೆಲಾವೇರ್‌ನಲ್ಲಿ ನೋಂದಣಿಯಾಗಿದ್ದು, ಮುಖ್ಯ ಕಚೇರಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ. ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಅದಕ್ಕೆ ಹನ್ನೊಂದರಿಂದ ಹದಿಮೂರು ಮಾರಾಟಗಾರರು. ಆದ್ರೆ ಅಲ್ಲಿ ಕಚೇರಿ ಇಲ್ಲ, ಗೋದಾಮಿಲ್ಲ. ಮಾರಾಟಗಾರರ ಕೈಲಿ ಮಾದರಿಗೆ ಒಂದೊಂದು ಜೊತೆಯಲ್ಲಿ ಒಂದೇ ಕಾಲಿನ ಶೂ! ಆರ್ಡರ್ ತಗೊಂಡು ಸೇಂಟ್ ಲೂಯಿಸ್‌ಗೆ ಕಳಿಸೋದಷ್ಟೇ ಅವರ ಕೆಲಸ, ಒಪ್ಪೋದು ಬಿಡೋದು ಅಲ್ಲಿಯವರಿಗೆ ಬಿಟ್ಟಿದ್ದು. 'ನಾವು ವಾಷಿಂಗ್ಟನ್ನಿನಲ್ಲಿ ಇಲ್ಲವೇ ಇಲ್ಲ' ಅಂತ ಹೇಳೋಕೆ ಎಷ್ಟು ಅಚ್ಚುಕಟ್ಟಾದ ಏರ್ಪಾಡು ನೋಡಿ.

ನಿರುದ್ಯೋಗ ನಿಧಿಗೆ ಕೊಡಬೇಕಾದ ಹಣ ಕೊಡಿ ಅಂತ ರಾಜ್ಯ ಕೇಳಿತು. ನೋಟಿಸಿನ ಒಂದು ಪ್ರತಿಯನ್ನ ಅಲ್ಲಿದ್ದ ಮಾರಾಟಗಾರನೊಬ್ಬನ ಕೈಗೆ ಕೊಟ್ಟು, ಇನ್ನೊಂದನ್ನ ರಿಜಿಸ್ಟರ್ಡ್ ಅಂಚೆಯಲ್ಲಿ ಸೇಂಟ್ ಲೂಯಿಸ್‌ಗೆ ಕಳಿಸಿದರು. ಆತ ನಮ್ಮ ಏಜೆಂಟಲ್ಲ, ನಾವು ಅಲ್ಲಿಲ್ಲ ಅಂತ ಕಂಪನಿ ಸುಪ್ರೀಂ ಕೋರ್ಟಿನ ತನಕ ಹೋಯ್ತು. 1945ರಲ್ಲಿ ಮುಖ್ಯ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಹಳೇ ಪ್ರಶ್ನೆಯನ್ನೇ ಬದಲಾಯಿಸಿಬಿಟ್ಟರು. ಕಂಪನಿ ರಾಜ್ಯದೊಳಗೆ 'ಇದೆಯೋ ಇಲ್ಲವೋ' ಅನ್ನೋದು ಅರ್ಥವಿಲ್ಲದ ಮಾತು. ಆ ರಾಜ್ಯದ ಜೊತೆ ಅದಕ್ಕೆ ಕನಿಷ್ಠ ಅನ್ನೋವಷ್ಟು ನಂಟಿದೆಯೇ, ಅಲ್ಲಿ ಕೇಸು ನಡೆಸೋದು ನ್ಯಾಯವೇ, ಇಷ್ಟೇ ಪ್ರಶ್ನೆ. ವರ್ಷಕ್ಕೆ 31 ಸಾವಿರ ಡಾಲರಿಗೂ ಹೆಚ್ಚು ಕಮಿಷನ್ನು ಹಂಚೋವಷ್ಟು ವ್ಯಾಪಾರ ಆ ರಾಜ್ಯದಲ್ಲಿ ಮಾಡಿದವರು, ಆ ವ್ಯಾಪಾರದಿಂದ ಹುಟ್ಟಿದ ತಗಾದೆಗೆ ಅಲ್ಲೇ ಉತ್ತರ ಕೊಡಬೇಕು.

ಇದು ಗಾಯದ ಕೇಸಲ್ಲ. ಆದ್ರೆ ಆಮೇಲಿನ ಗಾಯದ ಕೇಸುಗಳೆಲ್ಲ ನಿಂತಿರೋದು ಈ ಒಂಟಿ ಶೂ ಮೇಲೆ. ನಂಟು ಇದ್ದರೆ ಸಾಕು ಅಂದಮೇಲೆ ರಾಜ್ಯಗಳು ಗಡಿಯಾಚೆಗೂ ಸಮನ್ಸ್ ಕಳಿಸೋ ಕಾನೂನು ಮಾಡಿಕೊಂಡವು. ಇವಕ್ಕೆ ಅಲ್ಲಿ ಉದ್ದ ತೋಳಿನ ಕಾನೂನು ಅಂತಲೇ ಹೆಸರು. ನಮ್ಮ ಭಾಷೆಯಲ್ಲಿ ಆಜಾನುಬಾಹು ಕಾನೂನು ಅನ್ನಬಹುದೇನೋ! 1955ರಲ್ಲಿ ಇಲಿನಾಯ್ ಮಾಡಿದ ಕಾನೂನು ಬೇರೆಯವರಿಗೂ ಮಾದರಿಯಾಯ್ತು.

ಅದರ ಪರೀಕ್ಷೆಯಾದದ್ದು ಒಂದು ವಾಟರ್ ಹೀಟರಿನಿಂದ. ಇಲಿನಾಯ್‌ನಲ್ಲಿ ಹೀಟರ್ ಸಿಡಿದು ಗ್ರೇ ಅನ್ನೋ ಮಹಿಳೆಗೆ ಗಾಯವಾಯ್ತು. ಹೀಟರ್ ಜೋಡಿಸಿದ್ದು ಪೆನ್ಸಿಲ್ವೇನಿಯಾದಲ್ಲಿ. ಅದರ ಸುರಕ್ಷತಾ ವಾಲ್ವ್ ಮಾಡಿದ್ದು ಓಹಿಯೋದ ಟೈಟನ್ ಕಂಪನಿ. ಸಮನ್ಸನ್ನ ಓಹಿಯೋದ ಕ್ಲೀವ್‌ಲ್ಯಾಂಡ್‌ನಲ್ಲೇ ಟೈಟನ್ನಿನ ಏಜೆಂಟನಿಗೆ ಕೊಟ್ಟರು. ತಪ್ಪು ನಡೆದಿದ್ದರೆ ಅದು ಓಹಿಯೋದಲ್ಲಿ, ಇಲಿನಾಯ್‌ಗೂ ನಮಗೂ ಏನು ಸಂಬಂಧ ಅಂತ ಟೈಟನ್ ಕೇಳಿತು. 1961ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಕೊಟ್ಟ ಉತ್ತರವನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ: ಕಲ್ಲು ಎಸೆದದ್ದು ಆ ಊರಿಂದ ಇರಬಹುದು, ತಲೆ ಒಡೆದದ್ದು ಈ ಊರಲ್ಲಿ. ತಲೆ ಒಡೆಯೋ ತನಕ ತಪ್ಪು ಪೂರ್ತಿಯಾಗಿರಲ್ಲ.

*

ಇಷ್ಟಕ್ಕೇ ನಿಂತಿದ್ದರೆ ಸುಖಾಂತ್ಯ. ಆದ್ರೆ 1980ರ ತೀರ್ಪೊಂದಿದೆ. ಅಮೆರಿಕದಲ್ಲಿರೋ ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ನ್ಯೂಜೆರ್ಸಿಯಲ್ಲಿ ಕಾರು ಕೊಂಡು, ಹೊಸ ಕೆಲಸ ಸಿಕ್ಕಿ, ಸಾಮಾನು ಕಟ್ಟಿಕೊಂಡು ಟೆಕ್ಸಾಸಿಗೆ ಹೊರಟವರು ನಮ್ಮಲ್ಲಿ ಎಷ್ಟಿಲ್ಲ?

ಒಂದು ಕುಟುಂಬ 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಮಸೀನಾ ಅನ್ನೋ ಊರಲ್ಲಿ ಆಡಿ ಕಾರು ಕೊಂಡಿತು. ಮರುವರ್ಷ ಅರಿಜೋನಾಕ್ಕೆ ವಲಸೆ ಹೊರಟಿತು. ದಾರಿಯಲ್ಲಿ, ಒಕ್ಲಹೋಮಾದಲ್ಲಿ, ಹಿಂದಿನಿಂದ ಬಂದ ಕಾರು ಗುದ್ದಿ ಬೆಂಕಿ ಹತ್ತಿಕೊಂಡಿತು. ತಾಯಿ ಮತ್ತು ಇಬ್ಬರು ಮಕ್ಕಳಿಗೆ ಭೀಕರ ಸುಟ್ಟಗಾಯ. ಪೆಟ್ರೋಲ್ ಟ್ಯಾಂಕ್ ಇಟ್ಟ ಜಾಗವೇ ಸರಿಯಿಲ್ಲ ಅಂತ ಒಕ್ಲಹೋಮಾದ ಕ್ರೀಕ್ ಕೌಂಟಿ ಕೋರ್ಟಿನಲ್ಲಿ ನಾಲ್ವರ ಮೇಲೆ ದಾವೆ ಹೂಡಿದರು: ತಯಾರಕರಾದ ಆಡಿ, ಆಮದುದಾರರು, ನ್ಯೂಯಾರ್ಕ್ ಸೀಮೆಯ ವಿತರಕರಾದ ವರ್ಲ್ಡ್-ವೈಡ್ ಫೋಕ್ಸ್‌ವ್ಯಾಗನ್, ಮತ್ತು ಮಸೀನಾದ ಅಂಗಡಿ. ಕೊನೆಯ ಇಬ್ಬರು ತಕರಾರು ಎತ್ತಿದರು. ಒಕ್ಲಹೋಮಾದಲ್ಲಿ ನಾವು ಒಂದು ಕಾರೂ ಮಾರಿಲ್ಲ, ಒಂದು ಜಾಹೀರಾತೂ ಕೊಟ್ಟಿಲ್ಲ ಅಂತ.

ಸುಪ್ರೀಂ ಕೋರ್ಟು 6-3ರಲ್ಲಿ ಅವರ ಮಾತನ್ನ ಒಪ್ಪಿತು. ಕಾರು ಓಡಾಡೋ ವಸ್ತು, ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಗೊತ್ತಿದ್ದ ಮಾತ್ರಕ್ಕೆ ಸಾಲದು. ಮಾರಿದವನು ತಾನಾಗಿಯೇ ಆ ರಾಜ್ಯದ ಮಾರುಕಟ್ಟೆಗೆ ಕೈ ಚಾಚಿರಬೇಕು. ಇಲ್ಲದಿದ್ದರೆ ಪ್ರತಿ ಸಾಮಾನೂ ತನ್ನ ಜೊತೆ ಸಮನ್ಸನ್ನ ಹೊತ್ತು ತಿರುಗಿದ ಹಾಗಾಗುತ್ತೆ ಅಂತ.

ಇದರ ಒಳಗುಟ್ಟು ಇನ್ನೂ ಸ್ವಾರಸ್ಯ. ದುಡ್ಡಿರೋ ದೊಡ್ಡ ಕಂಪನಿಗಳು ಹೇಗೂ ಕೇಸಿನಲ್ಲಿದ್ದವು, ಸಣ್ಣ ಅಂಗಡಿಯ ಮೇಲೆ ಯಾಕಿಷ್ಟು ಹೋರಾಟ? ಕಾನೂನಿನ ಲೆಕ್ಕದಲ್ಲಿ ಆ ಕುಟುಂಬ ಇನ್ನೂ ನ್ಯೂಯಾರ್ಕಿನದ್ದೇ. ಪ್ರತಿವಾದಿಗಳಲ್ಲೂ ನ್ಯೂಯಾರ್ಕಿನವರು ಇರೋ ತನಕ ಕೇಸನ್ನ ಫೆಡರಲ್ ಕೋರ್ಟಿಗೆ ಎಳೆಯೋಕಾಗಲ್ಲ. ಕ್ರೀಕ್ ಕೌಂಟಿಯ ಜ್ಯೂರಿಗಳು ಗಾಯಾಳುಗಳಿಗೆ ಕೈಬಿಚ್ಚಿ ಪರಿಹಾರ ಕೊಡ್ತಾರೆ ಅಂತ ಹೆಸರಾಗಿದ್ದರು. ಅಂಗಡಿಯವರು ಆಚೆ ಹೋದದ್ದೇ ತಡ, ಕೇಸು ಫೆಡರಲ್ ಕೋರ್ಟಿಗೆ ಹೋಯ್ತು. ಅಲ್ಲಿನ ಜ್ಯೂರಿ ಕಂಪನಿಗಳ ಪರ ತೀರ್ಪು ಕೊಟ್ಟಿತು. ಯಾವ ಊರಿನ ಕೋರ್ಟು ಅನ್ನೋದಕ್ಕೆ ಬೆಲೆ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ಹೇಳೋ ಕಥೆ ಇಲ್ಲ.

ಆಮೇಲಿನದ್ದು ಹಗ್ಗಜಗ್ಗಾಟ. 1988ರಲ್ಲಿ, ಜರ್ಮನಿಯ ಫೋಕ್ಸ್‌ವ್ಯಾಗನ್ನಿಗೆ ಕೊಡಬೇಕಾದ ಸಮನ್ಸನ್ನ ಅದರ ಅಮೆರಿಕದ ಮರಿ ಕಂಪನಿಯ ಕೈಗೆ ಕೊಟ್ಟರೂ ನಡೆಯುತ್ತೆ, ಅಲ್ಲಿನ ರಾಜ್ಯದ ಕಾನೂನು ಒಪ್ಪಿದರೆ ವಿದೇಶಕ್ಕೆ ಕಳಿಸೋ ಒಪ್ಪಂದದ ದಾರಿ ಬೇಕಿಲ್ಲ ಅಂತಾಯ್ತು. 2011ರಲ್ಲಿ ನ್ಯೂಜೆರ್ಸಿಯಲ್ಲಿ ಇಂಗ್ಲೆಂಡಿನ ಯಂತ್ರಕ್ಕೆ ಸಿಕ್ಕಿ ಕೈಬೆರಳು ಕಳಕೊಂಡ ಕಾರ್ಮಿಕ ತನ್ನ ರಾಜ್ಯದ ಕೋರ್ಟಿನಲ್ಲಿ ತಯಾರಕನನ್ನ ಹಿಡಿಯೋಕೆ ಆಗಲಿಲ್ಲ. ಯಂತ್ರ ಬಂದದ್ದು ಓಹಿಯೋದ ವಿತರಕನ ಮೂಲಕ, ತಯಾರಕ ನ್ಯೂಜೆರ್ಸಿಯನ್ನೇ ಗುರಿಯಿಟ್ಟು ಮಾರಿರಲಿಲ್ಲ ಅಂತ. 2021ರಲ್ಲಿ ಗಾಳಿ ತಿರುಗಿತು. ಈ ಕಾರು ಮೊದಲು ಮಾರಾಟವಾದದ್ದು ಬೇರೆ ರಾಜ್ಯದಲ್ಲಿ ಅಂತ ಫೋರ್ಡ್ ವಾದಿಸಿದಾಗ, ಎಂಟೂ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅದೇ ಕಾರನ್ನ ಆ ರಾಜ್ಯದಲ್ಲೂ ಮಾರಿ, ರಿಪೇರಿ ಮಾಡಿ, ಜಾಹೀರಾತು ಕೊಟ್ಟು ಈಗ ಸಂಬಂಧವಿಲ್ಲ ಅಂದ್ರೆ ಹೇಗೆ? 2023ರ ಮ್ಯಾಲರಿ ಕೇಸಿನಲ್ಲಿ, ಪೆನ್ಸಿಲ್ವೇನಿಯಾದಲ್ಲಿ ನೋಂದಣಿ ಮಾಡಿಸಿಕೊಂಡ ರೈಲ್ವೆ ಕಂಪನಿಯ ಮೇಲೆ ಬೇರೆ ರಾಜ್ಯದಲ್ಲಾದ ಹಾನಿಗೂ ಅಲ್ಲೇ ದಾವೆ ಹೂಡಬಹುದು ಅಂತ 5-4ರಲ್ಲಿ ತೀರ್ಪಾಯ್ತು. ನೋಂದಣಿ ಅಂದ್ರೆ ಒಪ್ಪಿಗೆ ಅಂತ ಆ ರಾಜ್ಯದ ಕಾನೂನೇ ಹೇಳುತ್ತೆ. ನೂರೈವತ್ತು ವರ್ಷ ಸುತ್ತಿ ಮತ್ತೆ ಅದೇ ಏಜೆಂಟಿನ ಷರತ್ತಿಗೆ ಬಂದ ಹಾಗಾಯ್ತು!

ಅಂದಮೇಲೆ ಈಗ ಕಾಗದ ಮುಟ್ಟಿಸೋ ಕೆಲಸ ಬಲು ಸುಲಭ. 1983ರ ತನಕ ಫೆಡರಲ್ ಕೇಸುಗಳಲ್ಲಿ ಬಹುಪಾಲು ಸಮನ್ಸ್ ಒಯ್ಯುತ್ತಿದ್ದದ್ದು ಸರ್ಕಾರಿ ಮಾರ್ಷಲ್‌ಗಳು. ಆಮೇಲೆ ಕೇಸಿಗೆ ಸಂಬಂಧಪಡದ, ಹದಿನೆಂಟು ತುಂಬಿದ ಯಾರು ಬೇಕಾದರೂ ಕೊಡಬಹುದು ಅಂತಾಯ್ತು. ದಾವೆ ಹೂಡಿದ 90 ದಿನದೊಳಗೆ ಮುಟ್ಟಿಸಬೇಕು. ಕಂಪನಿಗಳು ವ್ಯಾಪಾರ ಮಾಡೋ ರಾಜ್ಯಗಳಲ್ಲಿ ನೋಂದಾಯಿತ ಏಜೆಂಟನ್ನ ಇಟ್ಟಿರುತ್ತವೆ. ಡೆಲಾವೇರ್‌ನ ವಿಲ್ಮಿಂಗ್ಟನ್ ಪಟ್ಟಣದ 1209, ನಾರ್ತ್ ಆರೆಂಜ್ ಸ್ಟ್ರೀಟ್ ಅನ್ನೋ ಒಂದಂತಸ್ತಿನ ಸಾಧಾರಣ ಕಟ್ಟಡ ಲಕ್ಷಗಟ್ಟಲೆ ಕಂಪನಿಗಳ ವಿಳಾಸ ಅಂತ ಪ್ರಸಿದ್ಧಿ. ಬಾಗಿಲೇ ಇಲ್ಲದ ಕಂಪನಿಗಳಿಗೆಲ್ಲ ಸೇರಿ ಒಂದು ಬಾಗಿಲು!

*

ನಮ್ಮಲ್ಲಿ ಹೇಗೆ? ನಮ್ಮಲ್ಲೂ ರಾಜ್ಯಗಳಿವೆ, ಆದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆ ಹೆಚ್ಚುಕಡಿಮೆ ಇಡೀ ದೇಶಕ್ಕೆ ಒಂದೇ, 1908ರದ್ದು. ಮೈಗಾದ ಹಾನಿಗೆ, ಹಾನಿ ನಡೆದ ಊರಲ್ಲಿ ಅಥವಾ ಪ್ರತಿವಾದಿ ಇರೋ ಊರಲ್ಲಿ ದಾವೆ ಹಾಕಬಹುದು ಅಂತ ಅದರ 19ನೇ ಕಲಮು. ಪ್ರತಿವಾದಿ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಕೋರ್ಟಿನ ಮೂಲಕವೇ ಸಮನ್ಸ್ ಜಾರಿ ಮಾಡಿಸಬಹುದು. ಕಂಪನಿಯಾದರೆ ಕಾರ್ಯದರ್ಶಿಗೋ ನಿರ್ದೇಶಕನಿಗೋ ಕೊಡಬಹುದು, ಇಲ್ಲಾ ನೋಂದಾಯಿತ ಕಚೇರಿಗೆ ಕಳಿಸಬಹುದು. ಇನ್ನೂ ಒಳ್ಳೇದು ಅಂದ್ರೆ ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ. ಹುಬ್ಬಳ್ಳಿಯವನಿಗೆ ಪುಣೆ ಹತ್ತಿರ ಲಾರಿ ಗುದ್ದಿತು ಅಂತಿಟ್ಟುಕೊಳ್ಳಿ. ಪರಿಹಾರಕ್ಕೆ ಪುಣೆಗೆ ಅಲೀಬೇಕಿಲ್ಲ, ತಾನು ವಾಸವಿರೋ ಹುಬ್ಬಳ್ಳಿಯಲ್ಲೇ ಅರ್ಜಿ ಹಾಕಬಹುದು. ಅಮೆರಿಕದ ಕೋರ್ಟುಗಳು ಇನ್ನೂ ಜಗ್ಗಾಡ್ತಾ ಇರೋ ಪ್ರಶ್ನೆಗೆ, ರಸ್ತೆ ಅಪಘಾತದ ಮಟ್ಟಿಗಾದರೂ, ನಾವು ಗಾಯಾಳುವಿನ ಪರ ಒಂದೇ ಸಾಲಲ್ಲಿ ಉತ್ತರ ಬರೆದಿದ್ದೇವೆ. ಇದಕ್ಕೆ ಬೆನ್ನು ತಟ್ಟಿಕೊಳ್ಳಬಹುದು.

ಆದ್ರೆ ದೇಶದ ಗಡಿ ಅಡ್ಡ ಬಂದಾಗ ನಮ್ಮ ತೋಳು ಗಿಡ್ಡ. ಭೋಪಾಲ್ ನೋಡಿ. 1984ರ ಅನಿಲ ದುರಂತದ ನಂತರ ಭಾರತ ಸರ್ಕಾರ 1985ರಲ್ಲಿ ಯೂನಿಯನ್ ಕಾರ್ಬೈಡ್ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು, ಕಂಪನಿಯ ಮನೆಬಾಗಿಲಿಗೇ ಹೋಗಿ. ಕೇಸು ಭಾರತದಲ್ಲೇ ನಡೆಯಲಿ ಅಂತ ಕಂಪನಿ ವಾದಿಸಿತು. ನ್ಯಾಯಾಧೀಶ ಜಾನ್ ಕೀನನ್ 1986ರ ಮೇ ತಿಂಗಳಲ್ಲಿ ಅದನ್ನ ಒಪ್ಪಿದರು, ಭಾರತದ ಕೋರ್ಟಿನ ಅಧಿಕಾರಕ್ಕೆ ಕಂಪನಿ ತಲೆಬಾಗಬೇಕು ಅನ್ನೋ ಷರತ್ತಿನ ಮೇಲೆ. ಕೇಸು ಭೋಪಾಲಿಗೆ ಬಂತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಗಿ ಮುಗೀತು.

ಕ್ರಿಮಿನಲ್ ಕೇಸು ಬೇರೆ. ಅದರಲ್ಲಿ ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ ಹಾಜರಾಗದೆ, 1992ರಲ್ಲಿ ಭೋಪಾಲ್ ಕೋರ್ಟು ಅವನನ್ನ ತಲೆಮರೆಸಿಕೊಂಡವನು ಅಂತ ಘೋಷಿಸಿತು. 2014ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. 2001ರಲ್ಲಿ ಡೌ ಕೆಮಿಕಲ್ ಯೂನಿಯನ್ ಕಾರ್ಬೈಡನ್ನ ಕೊಂಡಿತು. ಅದಕ್ಕೆ ಸಮನ್ಸ್ ಮೇಲೆ ಸಮನ್ಸ್ ಹೋದವು. ಕೊನೆಗೆ 2023ರ ಅಕ್ಟೋಬರಿನಲ್ಲಿ ಡೌ ಪರ ವಕೀಲರು ಭೋಪಾಲ್ ಕೋರ್ಟಿಗೆ ಬಂದರು. ಬಂದು ಹೇಳಿದ್ದೇನು? ನಮ್ಮ ಮೇಲೆ ಈ ಕೋರ್ಟಿಗೆ ಅಧಿಕಾರವಿಲ್ಲ ಅಂತ! ನಾವು ಬೇರೆ ಕಂಪನಿ, ಆ ಕಾರ್ಖಾನೆ ನಮ್ಮದಾಗಿರಲಿಲ್ಲ ಅನ್ನೋದು ಅವರ ವಾದ. ಕಾನೂನಿನ ಪುಸ್ತಕದಲ್ಲಿ ಆ ವಾದಕ್ಕೂ ಜಾಗವಿದೆ. ಆದ್ರೆ ಅಷ್ಟು ಹೇಳೋಕೆ ಬರೋದಕ್ಕೇ, ದುರಂತವಾದ ಮೇಲೆ ಹೆಚ್ಚುಕಡಿಮೆ ಮೂವತ್ತೊಂಬತ್ತು ವರ್ಷ ಹಿಡೀತು.

ಇದನ್ನೆಲ್ಲ ಓದಿದಾಗ ನನಗನ್ನಿಸೋದು ಒಂದೇ. ಸಾಮಾನು ಮಾರೋವಾಗ ಕಂಪನಿಗೆ ಯಾವ ಗಡಿಯೂ ಅಡ್ಡ ಬರಲ್ಲ. ಗಡಿ ನೆನಪಾಗೋದು ಸಮನ್ಸ್ ಬಂದಾಗ ಮಾತ್ರ. ನೆಫ್‌ನಂಥ ಮನುಷ್ಯನನ್ನ ಕಾಪಾಡೋಕೆ ಕಟ್ಟಿದ ಬೇಲಿಯ ಹಿಂದೆ ಎಂಥೆಂಥವರು ಬಂದು ನಿಂತರು ನೋಡಿ. ಹಾಗಂತ ಬೇಲಿಯನ್ನ ಪೂರ್ತಿ ಕಿತ್ತು ಹಾಕೋ ಹಾಗೂ ಇಲ್ಲ. ಮಸೀನಾದ ಸಣ್ಣ ಅಂಗಡಿಯವನು ಸಾವಿರ ಮೈಲಿ ಆಚೆಯ ಕೋರ್ಟಿಗೆ ಅಲೆಯೋದೂ ಕಷ್ಟವೇ. ದೊಡ್ಡ ಕಂಪನಿಗೆ ಒಂದು ನಿಯಮ, ಸಣ್ಣ ಅಂಗಡಿಗೆ ಇನ್ನೊಂದು ಅಂತ ಮಾಡಬಹುದಾ? ನಿಮ್ಮಲ್ಲಿ ಕೋರ್ಟು ಕಚೇರಿ ಬಲ್ಲವರಿದ್ದರೆ ಬರೀರಿ, ಮಾತಾಡೋಣ.